ಬೀವರ್ಟನ್‌ನ ಆ ಹಿರಿಯರಿಗೆ ಥ್ಯಾಂಕ್ಸ್

ಟೆಕ್ಟ್ರಾನಿಕ್ಸ್ ಕಂಪನಿಯ 4010 ಗ್ರಾಫಿಕ್ಸ್ ಟರ್ಮಿನಲ್ (ಕಂಪ್ಯೂಟರ್ ಕಳಿಸಿದ ಅಕ್ಷರ, ಚಿತ್ರ ತೋರಿಸುವ, ಕೀಬೋರ್ಡ್ ಇರುವ ಪರದೆ) 1972ರಲ್ಲಿ ಬಂದದ್ದು. ಆ ಕಂಪನಿಯ ಊರಾದ ಒರೆಗಾನ್‌ನ ಬೀವರ್ಟನ್‌ನಲ್ಲೇ ನನಗೊಂದು ಸಿಕ್ಕಿತು. ಪವರ್ ಹಾಕಿದರೆ ಪರದೆ ಹಸಿರಾಗಿ ಬೆಳಗುತ್ತಿತ್ತು. ಆದರೆ ಕಂಪ್ಯೂಟರಿನಿಂದ ಕಳಿಸಿದ ಒಂದಕ್ಷರವೂ ಅಲ್ಲಿ ಮೂಡುತ್ತಿರಲಿಲ್ಲ.

ಹಳೇ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಬೇರೆ ಕೇಬಲ್ ಕೇಳುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ನಾನೇ ಬಂದು ನೋಡಲಾ?" ಅಂದರು.

ಬಂದವರು ಮೊದಲು ಕೇಬಲ್ ಬಿಚ್ಚಿದರು. ಟರ್ಮಿನಲ್, ಕಂಪ್ಯೂಟರ್ ಎರಡೂ ಕಡೆಯ 25 ಪಿನ್ನಿನ ಕನೆಕ್ಟರಿನಲ್ಲಿ 2ನೇ ಪಿನ್ನಿಗೆ ಮಲ್ಟಿಮೀಟರ್ ಮುಟ್ಟಿಸಿದರು. ಎರಡರಲ್ಲೂ ಮೈನಸ್ ವೋಲ್ಟೇಜ್, ಅಂದರೆ ಎರಡೂ ಕಡೆ ಕಳಿಸುವ ಪಿನ್ನು ಅದೇ. "ನೋಡಿ, ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡ್ತಿದ್ದಾರೆ. ಕೇಳೋರೇ ಇಲ್ಲ!" ಕೇಬಲಿನ ಒಂದು ತುದಿಯಲ್ಲಿ ಕಳಿಸುವ 2 ಮತ್ತು ಕೇಳುವ 3ನ್ನು ಅದಲುಬದಲು ಬೆಸೆದರು. 7 ಗ್ರೌಂಡ್, ಅಂದರೆ ಎರಡೂ ಕಡೆಗೆ ಸಮಾನವಾದ ತಂತಿ, ಅದನ್ನು ಹಾಗೇ ಬಿಟ್ಟರು. ಬೆಸುಗೆ ಆರುವವರೆಗೆ ತಂತಿಯನ್ನು ಬೆರಳಲ್ಲಿ ಅಲುಗದಂತೆ ಹಿಡಿದೇ ಇದ್ದರು.

ಗೆರೆ ಮೂಡಿತು! ನನ್ನ ಎದೆ ಹಗುರಾಯಿತು.

ಆಮೇಲೂ ಅವಸರ ಮಾಡಲಿಲ್ಲ. ಇದರಲ್ಲಿ ಚಿತ್ರ ಇಡೋಕೆ ಬೇರೆ ಮೆಮೊರಿ ಇಲ್ಲ, ಪರದೆಯ ಫಾಸ್ಫರ್, ಅಂದರೆ ಒಳಗಿನ ಬೆಳಗುವ ಲೇಪವೇ, ಹಿಡಿದಿಟ್ಟುಕೊಳ್ಳುತ್ತೆ ಅಂತ ಬಿಡಿಸಿ ಹೇಳಿದರು. ಅದಕ್ಕೇ ಒಂದು ಗೆರೆಯನ್ನಷ್ಟೇ ಅಳಿಸಲಾಗದು, ಇಡೀ ಪರದೆ ಮಿಂಚಿ ಖಾಲಿಯಾಗಬೇಕು. ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ದುಡ್ಡು ಬೇಡವೆಂದರು, ಕಾಫಿ ಕುಡಿದರು. ಪಿನ್ನುಗಳ ಚಿತ್ರವನ್ನು ರಟ್ಟಿನ ಮೇಲೆ ಬರೆದುಕೊಟ್ಟರು. ಹೆಸರು ಕೇಳುವಷ್ಟರಲ್ಲಿ ಕಾರು ಹೊರಟಿತ್ತು. ಸರ್, ತುಂಬಾ ಥ್ಯಾಂಕ್ಸ್. ಟರ್ಮಿನಲ್ ಈಗ ದಿನಾ ಓಡುತ್ತಿದೆ. ನೀವು ಹೇಳಿದಂತೆ ಒಂದೇ ಚಿತ್ರವನ್ನು ಜಾಸ್ತಿ ಹೊತ್ತು ಬಿಡುತ್ತಿಲ್ಲ.