ಮಂಡ್ಯದ ಆ ಅಣ್ಣನಿಗೆ

ಭಾನುವಾರ ಮಂಡ್ಯದಲ್ಲಿ ಟೀ ಅಂಗಡಿ ಮುಂದೆ ನನ್ನ ಹಳೇ ಸ್ಪೋರ್ಟ್ಸ್ ಕಾರಿನ ಡಿಕ್ಕಿಗೆ ತಲೆ ಹಾಕಿದ ಅಣ್ಣಾ, ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ!

ಮೈಸೂರಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿದ್ದರೂ ಪೆಟ್ರೋಲ್ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಗ್ಯಾರೇಜಿನವರೊಬ್ಬರು ಮೀಟರನ್ನೇ ಬದಲಾಯಿಸಿ ಅಂದಿದ್ದರು. ನೀವು ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿನಿಂದ ಮೀಟರಿಗೆ ಹೋಗುವ ವೈರ್ ಬಿಚ್ಚಿ, ಕೀ ಆನ್ ಮಾಡಿಸಿ, ಒಂದು ಕ್ಷಣ ಕಾರಿನ ಬಾಡಿಯ ಲೋಹಕ್ಕೆ ತಾಗಿಸಿದಿರಿ. ಮುಳ್ಳು ಸರಕ್ಕನೆ ಮೇಲೆದ್ದಿತು.

"ಮೀಟರ್ ಚೆನ್ನಾಗೈತೆ ಸಾರ್, ಅರ್ತ್ ಹೋಗೈತೆ."

ನಿಜ. ಡಿಕ್ಕಿಯ ಮ್ಯಾಟ್ ಕೆಳಗೆ ಫ್ಲೋಟನ್ನು ಆ ಲೋಹಕ್ಕೆ ಸೇರಿಸುವ ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದಿರಿ, ಅಷ್ಟೇ. ದುಡ್ಡು ಕೊಟ್ಟರೆ ಬೈದೇ ಬಿಟ್ಟಿರಿ, ಅರ್ಧ ಟೀ ಮಾತ್ರ ಕುಡಿದಿರಿ.

ತುಂಬಾ ಥ್ಯಾಂಕ್ಸ್ ಅಣ್ಣಾ. ನಿಮ್ಮ ಸ್ಕ್ರೂಡ್ರೈವರ್ ನನ್ನ ಕಾರಲ್ಲೇ ಉಳಿದಿದೆ. ಅದೇ ಅಂಗಡಿಯಲ್ಲಿ ಕೊಟ್ಟಿರುತ್ತೇನೆ.