ಕಾರವಾರದ ಕಡಲತೀರದ ಬೀಗ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಮಾನ್ಯ ಉಸ್ತುವಾರಿ ಸಚಿವರಿಗೆ, ಶಿರಸಿಯ ನಿವಾಸಿಯೊಬ್ಬನ ನಮಸ್ಕಾರಗಳು.

ಕಾರವಾರದ ಕಡಲತೀರದ ಸಾರ್ವಜನಿಕ ಶೌಚಾಲಯಗಳನ್ನು ವರ್ಷದ ಎಲ್ಲ ದಿನವೂ ಬೆಳಗಿನಿಂದ ರಾತ್ರಿಯವರೆಗೆ ತೆರೆದಿಡಿಸಬೇಕು ಎಂಬುದೊಂದೇ ಈ ಪತ್ರದ ಬೇಡಿಕೆ. ಇಷ್ಟು ಸಣ್ಣ ವಿಷಯಕ್ಕೆ ಸಚಿವರಿಗೇ ಬರೆಯಬೇಕೇ ಎಂದು ತಮ್ಮ ಕಚೇರಿಯವರಿಗೆ ಅನ್ನಿಸಬಹುದು. ಕೆಳಗಿನವರಿಗೆ ಹೇಳಿ ಹೇಳಿ ಬಾಯಿ ಬಿದ್ದುಹೋದ ಮೇಲೆಯೇ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನ ನಮಗೆ ಕಾರವಾರವೆಂದರೆ ಮೊದಲು ನೆನಪಾಗುವುದು ಜಿಲ್ಲಾ ಕೇಂದ್ರದ ಕಡತಗಳು. ಮಕ್ಕಳಿಗೆ ಮಾತ್ರ ಅದು ಹಡಗಿನ ಊರು. ಶಾಲೆಗೆ ರಜೆ ಬಂತೆಂದರೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಅಲ್ಲಿಗೆ ಹೋಗುವುದು ನಮ್ಮ ಮನೆಯ ವಾಡಿಕೆ. ಈ ಬಾರಿ ವಯಸ್ಸಾದ ತಾಯಿಯೂ ಜೊತೆಗಿದ್ದರು. ಬೈತಖೋಲ ಬಂದರಿನಲ್ಲಿ ಮೀನು ಇಳಿಸುವ ದೋಣಿಗಳನ್ನು ನೋಡಿದೆವು. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಗಿ, ಈಗ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆಯ ಕ್ಷಿಪಣಿ ಕೊಳವೆಗಳ ಮುಂದೆ ಮಕ್ಕಳು ಫೋಟೊ ತೆಗೆಸಿಕೊಂಡರು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿದ್ದ ಕಾಳಿ ಸೇತುವೆಯ ಜಾಗವನ್ನು ತೋರಿಸಿ, ಆಚೆಯ ಸದಾಶಿವಗಡಕ್ಕೂ ಹೋಗಿಬರೋಣವೆಂದು ನಿಶ್ಚಯಿಸಿದ್ದೆವು. ಅಲ್ಲಿಯವರೆಗೆ ಹೋಗಲು ಆಗಲಿಲ್ಲ.

ಸಕ್ಕರೆ ಕಾಯಿಲೆಯ ತಾಯಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಹುಡುಕಿಕೊಂಡು ಹೋದ ಕಟ್ಟಡಕ್ಕೆ ತುಕ್ಕು ಹಿಡಿದ ಬೀಗ. ಬೀಗದ ಪಕ್ಕದಲ್ಲೇ ಸ್ವಚ್ಛತೆಯ ಮಹತ್ವ ಸಾರುವ ಫಲಕ, ಅದರ ತುಂಬ ಕೈಮುಗಿದು ನಗುತ್ತಿರುವ ಗಣ್ಯರು. ವೃದ್ಧರು ಏರಬೇಕೆಂದು ಕಟ್ಟಿದ ಮೆಟ್ಟಿಲುಗಳಂತೂ ಮೊಣಕಾಲು ಗಟ್ಟಿಯಿರುವ ನನಗೇ ಕಷ್ಟವಾದವು. ಇಳಿಜಾರು ದಾರಿಯಾಗಲಿ, ಹಿಡಿದುಕೊಳ್ಳಲು ಒಂದು ಕಂಬಿಯಾಗಲಿ ಇರಲಿಲ್ಲ. ಕಿಟಕಿಯ ಒಡೆದ ಗಾಜಿನಿಂದ ಇಣುಕಿದರೆ ಒಳಗೆ ಯಾವುದೋ ಸಮಾರಂಭದ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಕುಳಿತಿದ್ದವು. ಅಲ್ಲೇ ಸುತ್ತಾಡುತ್ತಿದ್ದ ಕಾವಲುಗಾರರನ್ನು ಕೇಳಿದಾಗ ಅವರು ಕಿಂಚಿತ್ತೂ ಮುಜುಗರವಿಲ್ಲದೆ, "ಕೀಲಿ ನನ್ನ ಹತ್ರ ಇಲ್ಲ, ಸಾಹೇಬರು ಬರೋ ದಿನ ತೆಗೀತಾರೆ" ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ; ಇದ್ದುದನ್ನು ಇದ್ದ ಹಾಗೆ ಹೇಳಿದ ಸರಕಾರಿ ವ್ಯವಸ್ಥೆಯ ಏಕೈಕ ವ್ಯಕ್ತಿ ಅವರು. ಆದರೆ ಮಾನ್ಯರೇ, ಸಾಹೇಬರ ಪ್ರವಾಸದ ದಿನಾಂಕಗಳನ್ನು ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಿಸುವ ಏರ್ಪಾಡನ್ನಾದರೂ ಮಾಡಿಸಿದರೆ, ಜಿಲ್ಲೆಯ ವೃದ್ಧರು, ಗರ್ಭಿಣಿಯರು, ಮಕ್ಕಳು ತಮ್ಮ ದೇಹಬಾಧೆಯನ್ನು ಅದಕ್ಕೆ ಹೊಂದಿಸಿಕೊಳ್ಳಲು ಪ್ರಯತ್ನಿಸಬಹುದು. ಕೊನೆಗೆ ಒಂದು ಹೋಟೆಲಿಗೆ ಹೋಗಿ, ಯಾರಿಗೂ ಬೇಡದ ಚಹಾ ಹೇಳಿ, ಗಲ್ಲಾದವರ ಮುಖ ನೋಡಿ ಅನುಮತಿ ಕೇಳಬೇಕಾಯಿತು. ಅಷ್ಟರಲ್ಲಿ ತಡವಾಗಿತ್ತು. ಎಲ್ಲರೆದುರು ತಾಯಿ ಅನುಭವಿಸಿದ ಅವಮಾನವನ್ನು ಇಲ್ಲಿ ವಿವರಿಸಲಾರೆ. ಮರಳುವ ದಾರಿಯುದ್ದಕ್ಕೂ ಅವರು ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ, ಇನ್ನು ನನ್ನನ್ನು ಎಲ್ಲಿಗೂ ಕರೆಯಬೇಡಿ ಎಂದರು.

ಸಾರ್ವಜನಿಕ ಶೌಚಾಲಯಗಳ ನಿರ್ಮಾಣ ಮತ್ತು ನಿರ್ವಹಣೆ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಪ್ರಕಾರ ಕಡ್ಡಾಯ ಕರ್ತವ್ಯವೆಂಬುದನ್ನು, ಅಂಗವಿಕಲರಿಗೆ ಸಾರ್ವಜನಿಕ ಕಟ್ಟಡಗಳು ಸುಗಮವಾಗಿರಬೇಕೆಂದು 2016ರ ಕಾಯ್ದೆ ವಿಧಿಸಿದ ಗಡುವು ಮುಗಿದಿದೆಯೆಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೀಗ ತೆರೆಯಿರಿ ಎನ್ನುವುದಕ್ಕೆ ಕಾನೂನು ಬೇಕೇ ಎಂಬುದೂ ಒಂದು ಪ್ರಶ್ನೆ.

ನಮ್ಮದಾದರೂ ಒಂದು ದಿನದ ಪಾಡು. ಬೆಳಗಿನಿಂದ ಬುಟ್ಟಿಯೆದುರು ಕುಳಿತು ಮೀನು ಮಾರುವ ಹೆಂಗಸರಿಗೆ ಇದು ನಿತ್ಯದ್ದು. ಮನೆಗೆ ಹೋಗುವವರೆಗೆ ನೀರು ಕುಡಿಯುವುದಿಲ್ಲವೆಂದು ಅವರಲ್ಲೊಬ್ಬರು ನನ್ನ ಹೆಂಡತಿಗೆ ಹೇಳಿದರಂತೆ. ಅರ್ಗಾದ ಕಡಲತೀರವನ್ನು ನೌಕಾನೆಲೆಯ ಸೀಬರ್ಡ್ ಯೋಜನೆಗೆ ಬಿಟ್ಟುಕೊಟ್ಟ ತಾಲೂಕು ಇದು. ಉಳಿದಿರುವ ತೀರದಲ್ಲಾದರೂ ಜನ ಮಾನದಿಂದ ಅರ್ಧ ದಿನ ಕಳೆಯುವಂತಿರಬೇಡವೇ? ಪ್ರವಾಸೋದ್ಯಮದ ಸಭೆಗಳಲ್ಲಿ ಜಲಕ್ರೀಡೆ, ತೇಲುವ ಸೇತುವೆ ಎಂಬ ಮಾತುಗಳು ಕೇಳಿಬರುತ್ತಲೇ ಇರುತ್ತವೆ. ಆಗಲಿ, ಸಂತೋಷ, ಅದಕ್ಕೂ ಮೊದಲು ಆ ಕುರ್ಚಿಗಳನ್ನು ಹೊರಗಿಡಿಸಿ.

ಹೊಸ ಕಟ್ಟಡ ಕೇಳುತ್ತಿಲ್ಲ, ಶಂಕುಸ್ಥಾಪನೆಯಂತೂ ದಯವಿಟ್ಟು ಬೇಡ. ಇರುವುದರ ಬೀಗ ತೆಗೆಸಿ, ನೀರು ಬರುವಂತೆ ಮಾಡಿಸಿ, ಕೀಲಿ ಯಾರ ಬಳಿ ಇರುತ್ತದೆಂಬುದನ್ನೂ ಅವರ ದೂರವಾಣಿ ಸಂಖ್ಯೆಯನ್ನೂ ಬಾಗಿಲ ಮೇಲೆ ಬರೆಸಿ. ಬಳಕೆಗೆ ಹಣ ಪಡೆಯುವುದಿದ್ದರೆ ಪಡೆಯಲಿ, ಕೊಡುತ್ತೇವೆ. ಬಾಗಿಲು ಮಾತ್ರ ತೆರೆದಿರಲಿ. ಈ ಪತ್ರಕ್ಕೆ ಉತ್ತರ ಬರೆಯುವ ಕೃಪೆ ತೋರುವುದಾದರೆ, ಯೋಜನೆಯ ಅಂದಾಜು ಮೊತ್ತ ಇತ್ಯಾದಿಗಳನ್ನು ಬಿಟ್ಟು, ಯಾವ ದಿನದಿಂದ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದಷ್ಟನ್ನೇ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ,
ಶಿರಸಿಯ ಒಬ್ಬ ನಾಗರಿಕ