ಬೆಕ್ಕಿನ ಕಾಲಿಗೂ ಒಂದು ಎಕ್ಸ್‌ರೇ ಬೇಕು: ಪಶುಸಂಗೋಪನೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಉತ್ತರ ಕನ್ನಡದ ಪಶು ಆಸ್ಪತ್ರೆಗಳಲ್ಲಿ ಬೆಕ್ಕು, ನಾಯಿಗಳ ಎಕ್ಸ್‌ರೇ ತೆಗೆಯುವ ವ್ಯವಸ್ಥೆ ಮಾಡಿ. ಮೂಳೆ ಆಪರೇಷನ್ ಮಾಡಬಲ್ಲ ಡಾಕ್ಟರನ್ನು ತಿಂಗಳಿಗೆ ಒಂದೆರಡು ದಿನವಾದರೂ ಕರಾವಳಿಗೆ ಕಳಿಸಿ. ಇಷ್ಟು ಕೇಳುವುದಕ್ಕೇ ಈ ಪತ್ರ. ಯಾಕೆ ಅಂತ ಹೇಳುತ್ತೇನೆ.

ಬೆಕ್ಕಿಗೂ ಮೂಳೆ ಕ್ಯಾನ್ಸರ್ ಬರುತ್ತದೆ. ಅಪರೂಪ, ಆದರೆ ಬರುತ್ತದೆ. ಹೆಚ್ಚಾಗಿ ವಯಸ್ಸಾದ ಬೆಕ್ಕುಗಳಿಗೆ, ಅದರಲ್ಲೂ ಹಿಂಗಾಲಿಗೆ ಜಾಸ್ತಿ. ನಮ್ಮನೆ ಬೆಕ್ಕಿನಲ್ಲಿ ಮೊದಲು ಕಂಡದ್ದು ಕುಂಟು ಕೂಡ ಅಲ್ಲ. ಮನೆಯಲ್ಲಿ ಮೀನು ಕೊಯ್ಯಲು ಕೂತರೆ ಸಾಕು, ಹಿತ್ತಿಲ ಕಟ್ಟೆಗೆ ಒಂದೇ ನೆಗೆತಕ್ಕೆ ಹಾರಿ ಬರುತ್ತಿದ್ದದ್ದು, ಕೆಳಗೇ ನಿಂತು ಕೂಗತೊಡಗಿತು. ಬಂಗಡೆ ತಲೆ ಎಸೆದರೆ ತಿನ್ನುತ್ತಿತ್ತು, ಕಟ್ಟೆ ಮಾತ್ರ ಹತ್ತುತ್ತಿರಲಿಲ್ಲ. ಆಮೇಲೆ ಕುಂಟು ಶುರುವಾಯಿತು. ಮೊಣಕಾಲಿನ ಹತ್ತಿರ ಗಟ್ಟಿ ಊತ ಬಂತು. ಮುಟ್ಟಿದರೆ ಕಚ್ಚಲು ಬರುತ್ತಿತ್ತು. ಯಾರನ್ನೂ ಪರಚದ ಪ್ರಾಣಿ ಅದು.

ಹತ್ತಿರದ ಆಸ್ಪತ್ರೆಯಲ್ಲಿ ಉಳುಕು ಎಂದರು. ನೋವಿನ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ದಿನ ಆರಾಮ, ಮತ್ತೆ ಅದೇ ಕಥೆ. ಅಲ್ಲಿನ ಡಾಕ್ಟರನ್ನು ನಾನು ದೂರುವುದಿಲ್ಲ. ಎಕ್ಸ್‌ರೇ ಇಲ್ಲದೆ ಮೂಳೆಯೊಳಗೆ ಏನಾಗಿದೆ ಅಂತ ಯಾರು ತಾನೇ ಹೇಳಬಲ್ಲರು?

ಕೊನೆಗೆ ಬುಟ್ಟಿಯಲ್ಲಿ ಕೂರಿಸಿಕೊಂಡು ಗೇರುಸೊಪ್ಪೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋದೆವು. ಅಲ್ಲಿ ಎಕ್ಸ್‌ರೇ ನೋಡಿದರೆ ತೊಡೆಮೂಳೆಯ ಕೆಳತುದಿ ಗೆದ್ದಲು ತಿಂದ ಮರದ ಹಾಗಿತ್ತು. ಸೋಂಕಿನಿಂದಲೂ ಮೂಳೆ ಹೀಗೆ ಕಾಣಬಹುದು. ಹಾಗಾಗಿ ಒಂದು ಚೂರು ತೆಗೆದು ಪರೀಕ್ಷೆಗೆ ಹಾಕಿದರು. ಕ್ಯಾನ್ಸರ್ ಅಂತ ಗೊತ್ತಾಯಿತು. ಶ್ವಾಸಕೋಶಕ್ಕೆ ಹರಡಿದೆಯಾ ಅಂತ ಎದೆಯ ಎಕ್ಸ್‌ರೇ ಕೂಡ ತೆಗೆದರು. ಹರಡಿರಲಿಲ್ಲ. ಕಾಲು ತೆಗೆದರು.

ಸಚಿವರೇ, ದಯವಿಟ್ಟು ಇಲ್ಲಿ ಗಮನ ಕೊಡಿ. ನಾಯಿಗೆ ಇದೇ ಕ್ಯಾನ್ಸರ್ ಬಂದರೆ ಬೇಗ ಶ್ವಾಸಕೋಶಕ್ಕೆ ಹರಡುತ್ತದೆ. ಬರೀ ಕಾಲು ತೆಗೆದರೆ ಸಾಮಾನ್ಯವಾಗಿ ಕೆಲವೇ ತಿಂಗಳು. ಬೆಕ್ಕಿನಲ್ಲಿ ಹರಡುವುದು ತೀರಾ ಕಡಿಮೆ. ಹರಡುವ ಮೊದಲೇ ಕಾಲು ತೆಗೆದರೆ ಎಷ್ಟೋ ಬೆಕ್ಕುಗಳು 2 ವರ್ಷ, ಅದಕ್ಕಿಂತ ಜಾಸ್ತಿಯೂ ಬದುಕುತ್ತವೆ. ಹೆಚ್ಚಿನವಕ್ಕೆ ಕೀಮೋ ಕೂಡ ಬೇಕಾಗುವುದಿಲ್ಲ. ನಮ್ಮದು ಈಗ ಮೂರೇ ಕಾಲಿನಲ್ಲಿ ಮನೆಯೆಲ್ಲ ಓಡಾಡುತ್ತದೆ. ಬೇಗ ಗೊತ್ತಾದರೆ ಉಳಿಸಬಹುದಾದ ಜೀವ ಇದು. ತಡವಾದರೆ ಟೊಳ್ಳಾದ ಮೂಳೆ ಸಣ್ಣ ನೆಗೆತಕ್ಕೂ ಮುರಿಯುತ್ತದೆ, ಆ ನೋವು ನೋಡಲಾಗುವುದಿಲ್ಲ.

ನಮಗೆ ಕಾರು ಸಿಕ್ಕಿತು, ದುಡ್ಡು ಹೊಂದಿತು. ನಮ್ಮ ಕೇರಿಯಲ್ಲಿ ಮೀನು ಮಾರುವ ಅಕ್ಕನಿಗೆ ಒಂದು ದಿನದ ವ್ಯಾಪಾರ ಬಿಟ್ಟು ಶಿವಮೊಗ್ಗಕ್ಕೆ ಹೋಗಲು ಆಗುತ್ತದೆಯೇ? ಹೋಗಲಾಗದವರು ಮನೆಯಲ್ಲಿರುವ ಪ್ಯಾರಸಿಟಮಾಲ್ ಪುಡಿ ಮಾಡಿ ಹಾಲಿಗೆ ಹಾಕುತ್ತಾರೆ. ನೋವು ಕಡಿಮೆಯಾಗಲಿ ಅನ್ನುವ ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಅದು ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ರಕ್ತ ಆಮ್ಲಜನಕ ಒಯ್ಯುವುದನ್ನೇ ಬಿಡುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಪ್ರತಿ ಪಶು ಆಸ್ಪತ್ರೆಯ ಬಾಗಿಲಲ್ಲಿ ಈ ಬಗ್ಗೆ ಒಂದು ಬೋರ್ಡ್ ಹಾಕಿಸಿ. ಅದಕ್ಕೇನೂ ದೊಡ್ಡ ಖರ್ಚಿಲ್ಲ.

ಅದೇ ಬೋರ್ಡಿನಲ್ಲಿ ಇದನ್ನೂ ಬರೆಸಿ: ವಯಸ್ಸಾದ ಬೆಕ್ಕು ಎರಡು ವಾರವಾದರೂ ಕುಂಟುತ್ತಿದ್ದರೆ, ಕಾಲಿನಲ್ಲಿ ಅಥವಾ ದವಡೆಯಲ್ಲಿ ಗಟ್ಟಿ ಊತ ಕಂಡರೆ, ಜೊಲ್ಲು ಸುರಿಸುತ್ತಾ ಒಂದೇ ಬದಿಯಲ್ಲಿ ಜಗಿಯುತ್ತಿದ್ದರೆ, ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ದನಕ್ಕೆ ಹುಷಾರಿಲ್ಲ ಅಂದರೆ ಈಗ ಪಶು ಆಂಬುಲೆನ್ಸ್‌ಗಾಗಿ 1962ಕ್ಕೆ ಫೋನ್ ಮಾಡುತ್ತೇವೆ. ಅದು ಒಳ್ಳೆಯ ಕೆಲಸ, ಹಾಲು ಮಾರಿ ಬದುಕುವ ಮನೆಗಳಿಗೆ ಅದೇ ಮೊದಲು ಸಿಗಬೇಕು. ಅದನ್ನು ಕಿತ್ತು ಬೆಕ್ಕಿಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಎಕ್ಸ್‌ರೇ ಯಂತ್ರ ಬಂದರೆ ಕರುವಿನ ಕಾಲು ಮುರಿದಾಗಲೂ ಅದೇ ಉಪಯೋಗಕ್ಕೆ ಬರುತ್ತದೆ ಅಲ್ವಾ? ಕಾರವಾರದಲ್ಲಿ ಒಂದು, ಘಟ್ಟದ ಮೇಲೆ ಶಿರಸಿಯಲ್ಲಿ ಒಂದು, ನಡುವೆ ಕುಮಟಾದಲ್ಲೋ ಹೊನ್ನಾವರದಲ್ಲೋ ಒಂದು ಇದ್ದರೆ ಸದ್ಯಕ್ಕೆ ಸಾಕು.

ಮುಂದಿನ ಬಾರಿ ಈ ಕಡೆ ಬಂದಾಗ ದಾರಿಯಲ್ಲಿ ಸಿಗುವ ಯಾವುದಾದರೂ ಪಶು ಆಸ್ಪತ್ರೆಗೆ ಹೋಗಿ, ಬೆಕ್ಕಿನ ಎಕ್ಸ್‌ರೇ ಎಲ್ಲಿ ತೆಗೆಸಬೇಕು ಅಂತ ನೀವೇ ಕೇಳಿ ನೋಡಿ.

ಇಂತಿ,
ಹೊನ್ನಾವರ ತಾಲೂಕಿನ ಒಬ್ಬ ನಿವಾಸಿ